ಲಾರಿ ಕಾಗದ ಅಡಿಗಿಮನ್ಯಾಗ ಇರ್ಲಿ

ನಮ್ಮ ಕಡೆ ಹೊಸ ಲಾರಿ ಬಂತಂದ್ರ ಏನೇನ್ ಮಾಡ್ತೀವಿ ಅನ್ನಾದು ನಿಮಗೆಲ್ಲ ಗೊತ್ತೈತಿ. ಹಡಗಲ್ಯಾಗ ಮಲ್ಲಿಗಿ ಹಾರ ಕಟ್ಟಿಸ್ತೀವಿ, ಗಾಲಿ ಕೆಳಗ ನಿಂಬಿಹಣ್ಣು ಇಡ್ತೀವಿ, ಕಾಯಿ ಒಡೀತೀವಿ, ಮೈಲಾರಕ್ಕ ಹೋಗಿ ಭಂಡಾರ ಹಚ್ಚಿಸ್ಕೊಂಡು ಬರ್ತೀವಿ. ಕೀಲಿ ಗಂಡಮಕ್ಕಳ ಕೈಗೆ ಹೋಗತೈತಿ. ಸಾಲದ ಪತ್ರಕ್ಕ ಸಹಿ ಮಾಡಾಕ ಮಾತ್ರ ನಮ್ಮನ್ನ ಕರೀತಾರ. ಷೋರೂಮಿನೋರು ಕೊಟ್ಟ ವಾರಂಟಿ ಪುಸ್ತಕ ಐತಲ್ಲ, ಅದು ಡ್ರೈವರ್ ಸೀಟಿನ ಮುಂದ, ದೇವರ ಫೋಟೋದ ಹಿಂದ, ಊದಿನಕಡ್ಡಿ ಬೂದಿ ಬೀಳಿಸ್ಕೊಂತ ಬಿದ್ದಿರತೈತಿ. ಮೂರು ತಿಂಗಳಿಗೆ ಅದರ ಮ್ಯಾಲ ಚಾ ಕಲಿ. ಆರು ತಿಂಗಳಿಗೆ ಅದು ಎಲ್ಲಿ ಹೋತು ಅಂತ ಯಾರಿಗೂ ನೆಪ್ಪಿರಂಗಿಲ್ಲ.

ನಾ ಹೇಳಾದು ಇಷ್ಟ. ಆ ಪುಸ್ತಕ, ಪ್ರತಿ ಸರ್ವೀಸಿನ ಜಾಬ್ ಕಾರ್ಡು, ಆಯಿಲ್ ಬಿಲ್ಲು, ತೂಕದ ಚೀಟಿ, ಎಲ್ಲಾ ಮನಿಗೆ ಬರಬೇಕು, ಮನಿ ಹೆಣ್ಮಕ್ಕಳ ಕೈಯಾಗ ಇರಬೇಕು. "ಲಾರಿ ಉಸಾಬರಿ ನಿಮಗ್ಯಾಕ" ಅನ್ನೋರಿಗೆ ನಂದೊಂದು ಮಾತು ಐತಿ. ಲಾರಿ ಮುಂಗಡಕ್ಕ ಯಾರ ಬಂಗಾರ ಹೋಗೈತಿ, ಹೇಳ್ರಿ ನೋಡೂನು. ನಮ್ಮ ಮನ್ಯಾಗ ನನ್ನ ಬೋರಮಾಳ, ನನ್ನ ನೆಗೆಣ್ಣಿ ಬಿಲ್ವಾರ ಎರಡೂ ಸೊಸೈಟ್ಯಾಗ ಕುಂತಾವ. ಇವತ್ತಿಗೂ ಅಲ್ಲೇ ಅದಾವ. ಉಸಾಬರಿ ನಮ್ಮದಲ್ಲದ ಇನ್ಯಾರದು?

ನಮ್ಮ ಭಾಗಕ್ಕ ಇದು ಹೊಸಾದೇನಲ್ಲ. ಅದಿರಿನ ಕಾಲದಾಗ ಹೊಸಪೇಟಿ, ಸಂಡೂರು ಕಡೆ ಓಡಸಾಕ ಅಂತ ಎಷ್ಟು ಮನಿಯೋರು ಸಾಲ ಮಾಡಿ ಲಾರಿ ತಂದ್ರು, ನೀವೇ ನೋಡೀರಿ. 2011ರ ಜುಲೈ 29ಕ್ಕ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲಾದಾಗ ಗಣಿ ನಿಲ್ಲಸ್ರಿ ಅಂತು. ಲಾರಿ ಸಾಲುಗಟ್ಟಿ ನಿಂತ್ವು, ಕಂತು ಮಾತ್ರ ನಿಲ್ಲಲಿಲ್ಲ. ಗುಜರಿಗೆ ಹೋದ ಲಾರಿಗಳ ಸಂಗಡ ಎಷ್ಟೋ ಮಂದಿ ಪಾಟ್ಲಿ, ಸರ ಹೋದ್ವು. ಗಣಿ ಮಾಡಿದೋರ ಹೆಸರು ಪೇಪರಿನ್ಯಾಗ ಬಂತು, ಬಂಗಾರ ಕಳಕೊಂಡೋರ ಹೆಸರು ಎಲ್ಲೂ ಬರಲಿಲ್ಲ. ಅದು ಕೋರ್ಟಿನ ಮಾತು, ನಮ್ಮ ಕೈಯಾಗ ಇರಲಿಲ್ಲ, ಬಿಡ್ರಿ. ಆದ್ರ ಇಂಜಿನ್ ಕೆಟ್ಟು ನಿಂತಾಗ ಕಂಪನಿ "ನಮ್ಮ ಜವಾಬ್ದಾರಿ ಅಲ್ಲ" ಅಂದ್ರ ಅದಕ್ಕ ಉತ್ತರ ಕೊಡಾದು ಒಂದೀಟಾದ್ರೂ ನಮ್ಮ ಕೈಯಾಗ ಐತಿ.

ನಮ್ಮ ಮೈದುನಂದು ಹತ್ತು ಗಾಲಿ ಲಾರಿ. 36 ಲಕ್ಷಕ್ಕ ಬಂದಿದ್ದು, ತಿಂಗಳಿಗೆ 61 ಸಾವಿರ ಕಂತು. ಅವನೇ ಓಡಸ್ತಾನ, ದೂರದ ಬಾಡಿಗಿ ಇದ್ರ ಸಂಗಡ ಒಬ್ಬ ಹುಡುಗ ಇರತಾನ. ಮೆಕ್ಕೆಜೋಳ ಇದ್ದಾಗ ಮೆಕ್ಕೆಜೋಳ, ಉಳ್ಳಾಗಡ್ಡಿ ಬಂದಾಗ ಉಳ್ಳಾಗಡ್ಡಿ. ಹ್ವಾದ ವರ್ಷ ದಸರಾ ಮುಗಿದ ವಾರ 350 ಚೀಲ ಉಳ್ಳಾಗಡ್ಡಿ ಹೇರ್ಕೊಂಡು ಯಶವಂತಪುರಕ್ಕ ಹೊಂಟಿದ್ದ. ಹರಪನಹಳ್ಳಿ, ದಾವಣಗೆರಿ, ಚಿತ್ರದುರ್ಗ ದಾಟಿ ಹಿರಿಯೂರು ಬಿಟ್ಟು ಶಿರಾ ಕಡೆ ಹೋಗೋವಾಗ ರಾತ್ರಿ ಎರಡಕ್ಕ ಆಯಿಲ್ ಲೈಟ್ ಹತ್ತೈತಿ. ಬಾಜೂಕ ನಿಂದರ್ಸಬೇಕು ಅನ್ನಾದ್ರಾಗ ಇಂಜಿನ್ ಕಟಕಟ ಅಂದು ಸೀಜ್ ಆಗೇತಿ. ಗಾಡಿಗೆ ಆಗ ಒಂದು ವರ್ಷ ಎರಡು ತಿಂಗಳು. ಓಡಿದ್ದು 1 ಲಕ್ಷದ 18 ಸಾವಿರ ಕಿಲೋಮೀಟರ್. ಪುಸ್ತಕದಾಗ ಇದ್ದದ್ದು ಮೂರು ವರ್ಷ ಇಲ್ಲಾ 3 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು.

ಈ "ಯಾವುದು ಮೊದಲೋ ಅದು" ಅನ್ನೋ ಮಾತು ಇಲ್ಲೇ ಬಿಡಿಸಿ ಹೇಳಿಬಿಡ್ತೀನಿ, ಯಾಕಂದ್ರ ಬೋರ್ಡಿನ ಮ್ಯಾಲ ವರ್ಷ ದೊಡ್ಡ ಅಕ್ಷರದಾಗ ಇರತೈತಿ, ಕಿಲೋಮೀಟರ್ ಸಾಸಿವಿ ಕಾಳಿನಷ್ಟು ಇರತೈತಿ. ತಿಂಗಳಿಗೆ 9 ಸಾವಿರ ಓಡೋ ಲಾರಿಗೆ 3 ಲಕ್ಷ ಮುಗಿಯಾಕ 33 ತಿಂಗಳು ಸಾಕು. ತಿಂಗಳಿಗೆ 12 ಸಾವಿರ ಓಡಿದ್ರ ಎರಡು ವರ್ಷ ಒಂದು ತಿಂಗಳು. ಅಂದ್ರ ಹೆಚ್ಚು ದುಡಿದವರಿಗೆ ಕಡಿಮಿ ದಿನದ ವಾರಂಟಿ. ಲಾರಿ ತಗೊಳ್ಳೋವಾಗ ವರ್ಷ ಕೇಳಬ್ಯಾಡ್ರಿ, ಕಿಲೋಮೀಟರ್ ಕೇಳ್ರಿ.

ಗಾಡಿ ಎಳಕೊಂಡು ಷೋರೂಮಿಗೆ ಹೋದ್ರು. ಉಳ್ಳಾಗಡ್ಡಿ ಬ್ಯಾರೆ ಲಾರಿಗೆ ಹಾಕಸ್ಬೇಕಾತು, ಅದರ ಬಾಡಿಗಿ ನಮ್ಮ ಮ್ಯಾಲೇ. ಎಂಟು ದಿನ ಬಿಟ್ಟು ಷೋರೂಮಿನಾಂವ ಫೋನ್ ಮಾಡಿ, "ಬೇರಿಂಗ್ ತಿಂದಾವ, ಕ್ರ್ಯಾಂಕ್ ಹೋಗೈತಿ, 5 ಲಕ್ಷ 40 ಸಾವಿರ ಆಗತೈತಿ. ಆಯಿಲ್ ಲೈಟ್ ಹತ್ತಿದ ಮ್ಯಾಲೂ ಓಡ್ಸ್ಯಾರ, ವಾರಂಟಿ ಬರಂಗಿಲ್ಲ" ಅಂದ. ಎಲ್ಲಾ ಬಾಯಿಮಾತಿನಾಗ. ಕಾಗದದಾಗ ಒಂದು ಅಕ್ಷರ ಇಲ್ಲ.

ಓಣ್ಯಾಗ ಎಲ್ಲಾರೂ ಕೇಳಿದ್ದು, "ಇನ್ಷೂರೆನ್ಸ್ ಐತಲ್ಲ?" ಅಂತ. ಇಲ್ಲ ಅಕ್ಕಾರ. ವರ್ಷಾ ವರ್ಷಾ ನಾವು ಕಟ್ಟೋ ಇನ್ಷೂರೆನ್ಸು ಗುದ್ದಿದ್ರ, ಬಿದ್ರ, ಕಳುವಾದ್ರ, ಬೆಂಕಿ ಹತ್ತಿದ್ರ. ಇಂಜಿನ್ ತಾನಾಗೇ ಕೆಟ್ರ, ಸವದು ಹೋದ್ರ ಅದರಾಗ ಬರಂಗಿಲ್ಲ, ಪಾಲಿಸ್ಯಾಗೇ ಹಂಗ ಬರದಿರತೈತಿ. ಇಂಜಿನಿಗೆ ಇರೋದು ಕಂಪನಿ ವಾರಂಟಿ ಒಂದೇ. ಅದರಾಗೂ ಟೈರು, ಬ್ಯಾಟ್ರಿ ಅಂಥಾವು ಸಾಮಾನ್ಯವಾಗಿ ಬ್ಯಾರೆ ಕಂಪನಿಯೋರ ವಾರಂಟಿ ಒಳಗ ಬರತಾವ. ಪುಸ್ತಕ ಓದಿದ್ರ ಗೊತ್ತಾಗತೈತಿ, ಆದ್ರ ಆ ಪುಸ್ತಕ ಇಂಗ್ಲೀಷಿನಾಗ. 36 ಲಕ್ಷದ ಸಾಮಾನು ಮಾಗಳದ ಮನಿಗೆ ಮಾರೋರು ನಾಲ್ಕು ಹಾಳಿ ಕನ್ನಡದಾಗ ಅಚ್ಚು ಹಾಕ್ಸಾಕ ಆಗಂಗಿಲ್ಲೇನು? ಐದು ರೂಪಾಯಿ ಶಾಂಪು ಚೀಟಿ ಮ್ಯಾಲೂ ಕನ್ನಡ ಇರತೈತಿ.

ಈಗ ನನ್ನ ನೆಗೆಣ್ಣಿ ವಿಷಯ ಹೇಳಬೇಕು. ಆಕಿ ಏಳನೇತ್ತ ಓದಿದಾಕಿ. ಆದ್ರ ಯಾವ ಕಾಗದಾನೂ ಒಗಿಯಾಕಿ ಅಲ್ಲ. ಮೈದುನ ಅಂಗಿ ಒಗಿಯಾಕ ಹಾಕಿದಾಗೆಲ್ಲ ಕಿಸೆದಾಗಿನ ಚೀಟಿ ತಗದು ಮಂಡಕ್ಕಿ ಡಬ್ಬ್ಯಾಗ ಇಡೋದು ಆಕಿ ಚಾಳಿ. ನಾವೆಲ್ಲ ನಗತಿದ್ವಿ. ಆ ಡಬ್ಬಿ ಸುರುವಿದಾಗ ಹತ್ತು ಸರ್ವೀಸಿನ ಜಾಬ್ ಕಾರ್ಡ್ ಸಿಕ್ವು, ಆವತ್ತಿನ ಉಳ್ಳಾಗಡ್ಡಿ ಲೋಡಿನ ತೂಕದ ಚೀಟಿದು ಕಾರ್ಬನ್ ಕಾಪಿ ಸಿಕ್ತು. ಎಲ್ಲಾ ತಾರೀಖಿನ ಪ್ರಕಾರ ಜೋಡಿಸಿ ದಾರ ಹಾಕಿದ್ವಿ.

ಹಡಗಲಿ ವಕೀಲರ ಹತ್ರ ಹೋದಾಗ ಅವರು ಮೊದಲು ಹೇಳಿದ್ದು, "ಅವರು ಹೇಳೋ ಕಾರಣ ಕಾಗದದ ಮ್ಯಾಲ ತರಸ್ರಿ, ಆಮ್ಯಾಲ ಜಗಳ" ಅಂತ. ನೆಗೆಣ್ಣಿ ಮಗಳು ಬಿಕಾಂ ಓದಾಕ ಹತ್ಯಾಳ. ಆಕಿ ಕೂತು ಕನ್ನಡದಾಗ ಪತ್ರ ಬರದ್ಲು. ಇಂಜಿನ್ ಯಾಕ ಕೆಡ್ತು ಅನ್ನೋ ವರದಿ ಬರದು ಕೊಡ್ರಿ, ಬಿಚ್ಚಿದ ಸಾಮಾನು ಒಂದೂ ಗುಜರಿಗೆ ಹಾಕಬ್ಯಾಡ್ರಿ, ಸಂಪಿನಾಗಿನ ಆಯಿಲ್ ಸ್ಯಾಂಪಲ್ ನಮ್ಮ ಮುಂದ ಸೀಲ್ ಮಾಡ್ರಿ, ಲಾರಿ ಕಂಪ್ಯೂಟರಿನ ಪ್ರಿಂಟ್ ಕೊಡ್ರಿ. ಇಷ್ಟ. ಷೋರೂಮಿಗೆ ಒಂದು, ಕಂಪನಿಗೆ ಒಂದು, ರಿಜಿಸ್ಟರ್ ಪೋಸ್ಟಿನಾಗ, ಮುಟ್ಟಿದ್ದಕ್ಕ ರಸೀದಿ ಬರೋ ಹಂಗ.

ಈ ಕಂಪ್ಯೂಟರಿನ ಮಾತು ನೆಪ್ಪಿನಾಗ ಇಟ್ಕೊಳ್ರಿ. 2020ರ ಏಪ್ರಿಲ್ 1ರಿಂದ ಮಾರೋ ಲಾರಿ ಎಲ್ಲಾ ಬಿಎಸ್-6. ಈ ಇಂಜಿನ್ ನಡಸಾದೇ ಕಂಪ್ಯೂಟರ್. ಆಯಿಲ್ ಪ್ರೆಷರ್ ಬಿದ್ರ, ಇಂಜಿನ್ ಕಾದ್ರ ಅದು ತನ್ನೊಳಗ ಗುರುತು ಹಾಕ್ಕೊಂತೈತಿ. ಅದನ್ನ ಓದೋ ಮಷಿನ್ನು ಷೋರೂಮಿನೋರ ಕೈಯಾಗ. ಅಂದ್ರ ಸಾಕ್ಷಿ ಅವರ ಮನ್ಯಾಗ, ತಪ್ಪು ಮಾತ್ರ ನಮ್ಮ ಮ್ಯಾಲ. ನಮ್ಮ ಪ್ರಿಂಟು ಬಂತು, ಹತ್ತೊಂಬತ್ತು ದಿನ ಕಾಯಿಸಿ. ಲೈಟ್ ಹತ್ತಿದ್ದಕ್ಕೂ ಇಂಜಿನ್ ನಿಂತಿದ್ದಕ್ಕೂ ನಾಲ್ಕು ನಿಮಿಷ ಅಂತರ. ಕತ್ತಲದಾಗ ಹೈವೇ ಮ್ಯಾಲ 350 ಚೀಲ ಹೇರಿದ ಗಾಡಿನ ಬಾಜೂಕ ತಗೊಳಾಕ ನಾಲ್ಕು ನಿಮಿಷ ಬೇಕಾಗತೈತೋ ಇಲ್ಲೋ, ನೀವೇ ಹೇಳ್ರಿ.

ಆಗ ಕಾರಣ ಬದಲಾತು. ಲೈಟಿನ ಮಾತು ಬಿಟ್ಟು, ಓವರ್‌ಲೋಡ್ ಅಂದ್ರು. ತೂಕದ ಚೀಟಿ ತೋರಿಸಿದ್ವಿ. 2018ರ ಜುಲೈದಾಗ ಸರಕಾರ ಹತ್ತು ಗಾಲಿ ಲಾರಿ ಒಟ್ಟು ತೂಕ 25 ಟನ್ನಿಂದ 28.5 ಟನ್ನಿಗೆ ಏರಿಸೈತಿ, ನಮ್ಮ ಚೀಟಿ ಅದರ ಒಳಗೇ ಇತ್ತು. ಆಮ್ಯಾಲ ಮೂರನೇ ಕಾರಣ ಬಂತು. "ಒಂದು ಸಲ ಆಯಿಲ್ ಹೊರಗ ಬದಲಿ ಮಾಡಿಸ್ಯಾರ, ಅದಕ್ಕ ವಾರಂಟಿ ರದ್ದು." ಇದು ಖರೆ. ಹಿಂದಿನ ಸುಗ್ಗ್ಯಾಗ ಷೋರೂಮಿನಾಗ ನಾಲ್ಕು ದಿನ ಪಾಳಿ ಐತಿ ಅಂದಿದ್ಕ ಮೈದುನ ಹರಪನಹಳ್ಳಿ ಗ್ಯಾರೇಜಿನ್ಯಾಗ ಆಯಿಲ್ ಬದಲಿ ಮಾಡಿಸಿದ್ದ. ಗ್ಯಾರೇಜಿನ ಬಿಲ್ಲು ಇಲ್ಲ. ಆದ್ರ ಆಯಿಲ್ ಡಬ್ಬಿ ತಗೊಂಡ ಅಂಗಡಿ ಬಿಲ್ಲು ಇತ್ತು, ಎಲ್ಲಿ ಅಂದ್ರ ನೆಗೆಣ್ಣಿ ಹಾಲಿನ ಲೆಕ್ಕದ ಚೀಟಿ ಸಂಗಡ. ಆಕಿ ಅದರ ಹಿಂದ ಒಂದು ತಿಂಗಳ ಹಾಲಿನ ಲೆಕ್ಕ ಬರದಿದ್ಲು. ಮುಂದಿನ ಕಡೆ ತಾರೀಖು, 18 ಲೀಟರ್, ಪುಸ್ತಕದಾಗ ಹೇಳಿದ ನಂಬರಿನ ಆಯಿಲ್ಲೇ. ವಕೀಲರು ಅದನ್ನ ಎರಡೂ ಮಗ್ಗಲು ಜೆರಾಕ್ಸ್ ಮಾಡ್ಸಿ ಫೈಲಿನಾಗ ಹಾಕ್ಯಾರ. ನಮ್ಮನಿ ಎಮ್ಮಿ ಬತ್ತಿದ ತಿಂಗಳು ನಾವು ಎಷ್ಟು ಹಾಲು ಕೊಂಡ್ವಿ ಅನ್ನಾದು ಈಗ ಸರಕಾರಿ ಕಾಗದ.

ಹೊರಗ ಆಯಿಲ್ ಬದಲಿ ಮಾಡಿಸಿದ್ರ ವಾರಂಟಿ ಪೂರಾ ಹೋಗಬೇಕಾ? ಈ ಪ್ರಶ್ನಿ ನಮಗ ಮಾತ್ರ ಬಂದದ್ದಲ್ಲ. 2014ರ ಆಗಸ್ಟ್‌ನಾಗ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿ ಮ್ಯಾಲ ಸುಮಾರು 2,545 ಕೋಟಿ ದಂಡ ಹಾಕಿತ್ತು, ಬಿಡಿಭಾಗ ಹೊರಗ ಸಿಗದಂಗ ಮಾಡ್ಯಾರ ಅಂತ. ಅದೇ ಆದೇಶದಾಗ, ಹೊರಗಿನ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕ ವಾರಂಟಿ ಎಲ್ಲಾ ರದ್ದು ಅನ್ನಂಗಿಲ್ಲ, ಆ ಗ್ಯಾರೇಜಿನ ತಪ್ಪು ಕೆಲಸದಿಂದ ಎಷ್ಟು ಕೆಟ್ಟೈತೋ ಅಷ್ಟಕ್ಕ ಮಾತ್ರ ಇಲ್ಲ ಅನ್ನಬಹುದು ಅಂತ ಹೇಳೈತಿ. ಅದು ಕಾರಿನ ಕಂಪನಿಗೆ ಆದ ಆದೇಶ, ಅದರ ಮ್ಯಾಲ ಅಪೀಲೂ ಹೋಗ್ಯಾವ, ಲಾರಿಗೆ ಅದನ್ನೇ ಹಿಡಕೊಂಡು ಗೆಲ್ತೀವಿ ಅಂತ ನಾ ಹೇಳಂಗಿಲ್ಲ. ಆದ್ರ ಮಾತು ನ್ಯಾಯದ್ದು. ನೆರೆಮನ್ಯಾಗ ಒಂದು ಸಲ ಸಾರು ಉಂಡಿದ್ಕ ನಮ್ಮನಿ ಅನ್ನದಾಗಿನ ಹಳ್ಳಿಗೆ ನಾವು ಜವಾಬ್ದಾರಿ ಅಲ್ಲ ಅಂದಂಗ ಆತು ಇವರದು.

ಹಂಗಂತ ಲಾರಿ ಮಂದಿ ಎಲ್ಲಾ ಸಾಚಾ ಅಂತ ನಾ ಎದಿ ತಟ್ಟಂಗಿಲ್ಲ. ಗಾಳಿ ಫಿಲ್ಟರ್ ತಗದು ಟಪ್ ಟಪ್ ಬಡದು ವಾಪಸ್ ಹಾಕೋರು ಅದಾರ. ಕೂಲೆಂಟ್ ಬದಲಿ ಕೊಳವಿಬಾವಿ ನೀರು ಹಾಕೋರು ಅದಾರ, ನಮ್ಮ ನೀರಿನಾಗ ಎಷ್ಟು ಸುಣ್ಣ ಐತಿ ಅನ್ನಾದು ಹಂಡೆ ತಿಕ್ಕೋರಿಗೇ ಗೊತ್ತು. ಇನ್ನು ಡೆಫ್ ನೀರು. ಈ ಬಿಎಸ್-6 ಲಾರಿಗೆ ಡೀಸೆಲ್ ಸಂಗಡ ಬ್ಯಾರೆ ಟ್ಯಾಂಕಿನ್ಯಾಗ ಒಂದು ನೀರು ಹಾಕ್ಬೇಕು, ನೂರಕ್ಕ 32.5 ಭಾಗ ಶುದ್ಧ ಯೂರಿಯಾ, ಉಳಿದದ್ದು ಶುದ್ಧ ನೀರು. ಅದು ಹೊಗಿ ತೊಳಿಯಾಕ. ಕೆಲವರು ಶಾಣ್ಯಾತನ ಮಾಡಿ ಮೆಕ್ಕೆಜೋಳಕ್ಕ ಹಾಕೋ ಯೂರಿಯಾನೇ ಬಕೀಟಿನಾಗ ಕಲಸಿ ಹಾಕ್ತಾರ. ಹೊಲದ ಯೂರಿಯಾಕ್ಕ ಬೇವಿನೆಣ್ಣಿ ಸವರಿರತೈತಿ, ಅದು ಒಳಗ ಹೋಗಿ ಕಟ್ಕೊಂಡ್ರ ಸಾವಿರಾರು ರೂಪಾಯಿ ಸಾಮಾನು ಹಾಳು, ಗಾಡಿ ಎಳಿಯಂಗೇ ಇಲ್ಲ. ಸಬ್ಸಿಡಿ ಯೂರಿಯಾ ಹೊಲಕ್ಕ ಬಿಟ್ಟು ಬ್ಯಾರೆದ್ದಕ್ಕ ಬಳಸಾದು ಅಪರಾಧ ಬ್ಯಾರೆ. ಇಂಥಾದ್ರಾಗ ಕಂಪನಿಯೋರು ಇಲ್ಲ ಅಂದ್ರ ನಾನೂ ಅವರ ಕಡೆನೇ. ಡೆಫ್ ತಗೊಂಡ ಬಿಲ್ಲೂ ಇಟ್ಕೊಳ್ರಿ ಅಂತ ನಾ ಅನ್ನಾದು ಇದಕ್ಕ. ಸರಿ ಮಾಡಿದೋರು ಸರಿ ಮಾಡೀವಿ ಅಂತ ತೋರ್ಸಾಕ ಏನಾರ ಕೈಯಾಗ ಇರಬೇಕಲ್ಲ.

ಪತ್ರಕ್ಕ ಕಂಪನಿ ಕಳಿಸಿದ ಉತ್ತರದಾಗ ನನಗ ಭಾಳ ಸಿಟ್ಟು ಬಂದ ಸಾಲು ಒಂದು ಇತ್ತು. ಲಾರಿ ಅನ್ನಾದು ವ್ಯಾಪಾರದ ವಾಹನ, ಆದ್ದರಿಂದ ನೀವು ಗ್ರಾಹಕರೇ ಅಲ್ಲ ಅಂತ. ಲಾರಿ ಮಾರೋವಾಗ ಶಾಲು ಹೊದಿಸಿ, ದೊಡ್ಡ ಕೀಲಿ ಕೊಟ್ಟು ಫೋಟೋ ಹೊಡಿಸ್ಕೊಂಡಿದ್ರು. ಆಗ ಗ್ರಾಹಕ ದೇವರು.

ವಕೀಲರು ಇದಕ್ಕ ನಕ್ಕರು. 2019ರ ಗ್ರಾಹಕ ರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದೈತಿ. ವ್ಯಾಪಾರಕ್ಕ ಅಂತ ಕೊಂಡೋರು ಅದರಾಗ ಗ್ರಾಹಕರಲ್ಲ, ಇದು ಖರೆ. ಆದ್ರ ಸ್ವಂತ ದುಡಿಮಿಯಿಂದ ಹೊಟ್ಟಿ ಹೊರಕೊಳ್ಳಾಕ ಕೊಂಡಿದ್ರ ಅದು ವ್ಯಾಪಾರ ಅಲ್ಲ ಅಂತ ಅಲ್ಲೇ ಬಿಡಿಸಿ ಬರದೈತಿ. 1995ರಾಗ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಕೇಸಿನಾಗ ಸುಪ್ರೀಂ ಕೋರ್ಟು ಉದಾಹರಣಿ ಕೊಟ್ಟದ್ದೇ ಆಟೋ ಮತ್ತ ಲಾರಿದು. ಲಾರಿ ಕೊಂಡು ತಾನೇ ಬಾಡಿಗಿ ಓಡಸಾಂವ ಗ್ರಾಹಕ, ಸಹಾಯಕ್ಕ ಒಬ್ಬಿಬ್ಬರನ್ನ ಇಟ್ಕೊಂಡ್ರೂ ಗ್ರಾಹಕನೇ. ಬರೇ ಬ್ಯಾರೆಯೋರ ಕೈಯಾಗ ಓಡಸಾಕ ಅಂತ ಕೊಂಡಾಂವ ಮಾತ್ರ ಅಲ್ಲ. 1996ರಾಗ ಚೀಮಾ ಎಂಜಿನಿಯರಿಂಗ್ ಅನ್ನೋ ಕೇಸಿನಾಗ, ಅದು ಇಟ್ಟಂಗಿ ಮಾಡೋ ಮಷಿನ್ ಜಗಳ, ಸ್ವಂತ ದುಡಿಮಿ ಅಂದ್ರ ಮನಿಮಂದಿ ದುಡಿಮಿನೂ ಸೇರತೈತಿ ಅಂತ ಅಂದೈತಿ.

ಈ ಎರಡನೇ ಮಾತು ಕೇಳಿ ನನಗ ನಮ್ಮ ಹಿಂದಿನ ಓಣಿ ತಂಗಿ ನೆಪ್ಪಾದ್ಲು. ಗಂಡ ತೀರಿಕೊಂಡ ಮ್ಯಾಲ ಹಳೇ ಲಾರಿ ಕೊಟ್ಟು, ಮ್ಯಾಲ ಸಾಲ ಮಾಡಿ ತನ್ನ ಹೆಸರಿಲೆ ಹೊಸಾದು ತಂದು, ಡ್ರೈವರ್ ಇಟ್ಟು ನಡಸಾಕ ಹತ್ಯಾಳ. ಬಾಡಿಗಿ ಮಾತಾಡಾಕಿ ಆಕಿ, ಡೀಸೆಲ್ ಲೆಕ್ಕ ಆಕಿದು, ಟೈರ್ ಯಾವಾಗ ಬದಲಿ ಮಾಡ್ಬೇಕು ಅನ್ನಾದೂ ಆಕಿನೇ ನೋಡಾಕಿ. ನಾಳಿ ಆಕಿ ಇಂಜಿನ್ ಸೀಜ್ ಆದ್ರ, "ಸ್ಟೇರಿಂಗ್ ನೀ ಹಿಡೀಲಿಲ್ಲ, ನೀ ಗ್ರಾಹಕಿ ಅಲ್ಲ" ಅನ್ನಾಕ ಕಂಪನಿಗೆ ದಾರಿ ಐತಿ. ಇದು ನನ್ನ ಪ್ರಕಾರ ಸರಿ ಅಲ್ಲ. ನಮ್ಮ ಊರಾಗ ಯಾವ ಹೆಣ್ಮಗಳೂ ಹತ್ತು ಗಾಲಿ ಓಡಸಂಗಿಲ್ಲ, ಆದ್ರ ಒಂದೇ ಲಾರಿ ಮ್ಯಾಲ ಮನಿ ನಡಸೋರು ಅದಾರ. ದುಡಿಮಿ ಅಂದ್ರ ಸ್ಟೇರಿಂಗ್ ತಿರುವಾದು ಒಂದೇನಾ? ಒಂದೇ ಲಾರಿ ಇದ್ದೋರನ್ನ, ಡ್ರೈವರ್ ಯಾರರ ಇರ್ಲಿ, ಕಾಯ್ದೆ ಒಳಗ ತಗೋಬೇಕು. ನಮ್ಮ ಎಂಎಲ್ಎ, ಎಂಪಿ ಓಟು ಕೇಳಾಕ ಬಂದಾಗ ಗಟಾರದ ಸಂಗಡ ಇದನ್ನೂ ಹೇಳ್ರಿ.

ಉತ್ತರದ ಹಿಂದೇ ಕಂಪನಿಯಿಂದ ಫೋನ್ ಬಂತು. "ಜಗಳ ಬ್ಯಾಡ, ನಮ್ಮ ಕಡಿಂದ ಅರ್ಧ ಖರ್ಚು ಬಿಡ್ತೀವಿ, 2 ಲಕ್ಷ 70 ಸಾವಿರ ಕಟ್ಟಿ ಗಾಡಿ ಒಯ್ರಿ." ಲಾರಿ ನಿಂತು ಆಗಲೇ ಎರಡು ಕಂತು ಮ್ಯಾಲಾಗಿತ್ತು. ಮನ್ಯಾಗ ಪಂಚಾಯ್ತಿ ಆತು. ನಮ್ಮತ್ತಿಯೋರು, "ಸಿಕ್ಕಷ್ಟು ತಗೊಂಡು ಲಾರಿ ತರ್ರಿ, ನಿಂತ ಲಾರಿ ಮನಿ ತಿಂತೈತಿ" ಅಂದ್ರು. ನಮ್ಮ ಮನಿಯೋರು ಹೂಂ ಅಂದ್ರು. ಮೈದುನ ಬಾಯಿ ಬಿಡಲಿಲ್ಲ, ಅವನಿಗೆ ದಿನಾ ಫೈನಾನ್ಸಿನೋರ ಫೋನ್. ಅತ್ತಿಯೋರ ಮಾತಿನಾಗ ತಪ್ಪಿಲ್ಲ ಅಂತ ನನಗೂ ಅನ್ನಿಸ್ತು. ಮೂರು ತಿಂಗಳಾದ್ರ 1 ಲಕ್ಷ 83 ಸಾವಿರ ಕಂತೇ ಆಗತೈತಿ, ಬಾಡಿಗಿ ಹೋದದ್ದು ಬ್ಯಾರೆ. ಕಂಪನಿಗೆ ಕಾಯಾಕ ಬರತೈತಿ, ಬಡವರಿಗೆ ಬರಂಗಿಲ್ಲ. ಆ ಅರ್ಧದ ಲೆಕ್ಕ ನಿಂತಿದ್ದೇ ಇದರ ಮ್ಯಾಲ.

ಆದ್ರ ದುಡ್ಡಿನ ಸಂಗಡ ಒಂದು ಕಾಗದ ಇತ್ತು. "ಪೂರ್ಣ ತೃಪ್ತಿಯಾಗಿದೆ, ಮುಂದೆ ಯಾವ ತಕರಾರೂ ಇಲ್ಲ" ಅಂತ. ನೆಗೆಣ್ಣಿ ಅದಕ್ಕ ಸಹಿ ಬ್ಯಾಡ ಅಂದ್ಲು. "ದುಡ್ಡು ಕಟ್ಟೂನು, ಲಾರಿ ತರೂನು. ತೃಪ್ತಿ ಆಗೈತಿ ಅಂತ ಯಾಕ ಬರಕೊಡೂನು? ನನಗ ತೃಪ್ತಿ ಆಗಿಲ್ಲ" ಅಂದ್ಲು. ಅಷ್ಟ ಮಾತು. ವಕೀಲರನ್ನ ಕೇಳಿ, ತಕರಾರು ಕಾಯ್ದಿರಿಸಿ ಕಟ್ಟೀವಿ ಅಂತ ರಸೀದಿ ಮ್ಯಾಲ ಕೈಲೇ ಬರದು, ಅದರದೂ ಫೋಟೋ ತಗೊಂಡು, ದುಡ್ಡು ಕಟ್ಟಿ ಲಾರಿ ತಂದ್ವಿ. ಷೋರೂಮಿನಾಂವ ಮಾರಿ ಹುಳ್ಳಗ ಮಾಡ್ಕೊಂಡ, ಆದ್ರ ದುಡ್ಡು ತಗೊಂಡ. 83 ದಿನಕ್ಕ ಲಾರಿ ಮನಿಗೆ ಬಂತು. ಅರ್ಧಾ ತಗೊಂಡೋರಿಗೆ ನಾ ಬಯ್ಯಂಗಿಲ್ಲ, ಆದ್ರ ಬಾಯಿ ಮುಚ್ಚೋ ಕಾಗದಕ್ಕ ಸಹಿ ಮಾಡೋ ಮೊದಲು ಒಂದು ರಾತ್ರಿ ಮನ್ಯಾಗ ಇಟ್ಕೊಂಡು ಓದ್ರಿ.

ಆಮ್ಯಾಲ ಜಿಲ್ಲಾ ಗ್ರಾಹಕರ ಆಯೋಗಕ್ಕ ದೂರು ಹಾಕೀವಿ. ಕೋರ್ಟು ಅಂದ್ರ ಹೆದರ್ತೀವಿ ನಾವು, ಅದಕ್ಕ ಒಂದೆರಡು ಹೇಳ್ತೀನಿ. ಈಗಿನ ಕಾಯ್ದೆ ಪ್ರಕಾರ ಕಂಪನಿ ಇರೋ ಊರಿಗೆ ಹೋಗಬೇಕಾಗಿಲ್ಲ, ನಾವು ಇರೋ ಜಿಲ್ಲಾದಾಗೇ ದೂರು ಹಾಕಬಹುದು. 50 ಲಕ್ಷದ ಮಟ ಕೊಟ್ಟು ಕೊಂಡ ಸಾಮಾನು ಜಿಲ್ಲಾ ಆಯೋಗಕ್ಕೇ ಬರತೈತಿ. 20 ಲಕ್ಷದ ಮ್ಯಾಲ 50 ಲಕ್ಷದ ಒಳಗ ಇದ್ರ ಫೀ 1,000 ರೂಪಾಯಿ, 5 ಲಕ್ಷದ ಒಳಗಿನದಕ್ಕ ಫೀನೇ ಇಲ್ಲ. ತಂಟೆ ಹುಟ್ಟಿದ ಎರಡು ವರ್ಷದೊಳಗ ಹಾಕಬೇಕು. ವಕೀಲರಿಲ್ಲದ ನಾವೇ ನಿಂತು ಮಾತಾಡಬಹುದು. ನೋಟಿಸ್ ಮುಟ್ಟಿದ ಮ್ಯಾಲ ಕಂಪನಿ 30 ದಿನದಾಗ ಉತ್ತರ ಕೊಡಬೇಕು, ಹೆಚ್ಚಂದ್ರ ಇನ್ನ 15 ದಿನ. ಸಾಮಾನು ಪರೀಕ್ಷಾ ಆಗಬೇಕಂದ್ರ ಆಯೋಗನೇ ಲ್ಯಾಬಿಗೆ ಕಳಸ್ತೈತಿ, ಲ್ಯಾಬಿನ ಫೀ ನಾವು ತುಂಬಬೇಕು. ಹಳೇ ಬೇರಿಂಗ್, ಆಯಿಲ್ ಸ್ಯಾಂಪಲ್ ಗುಜರಿಗೆ ಹಾಕಬ್ಯಾಡ್ರಿ ಅಂತ ಮೊದಲೇ ಬರದದ್ದು ಇದಕ್ಕ. ಸಾಮಾನು ಹೋದ ಮ್ಯಾಲ ಲ್ಯಾಬಿಗೆ ಏನು ಕಳಸ್ತೀರಿ? ಪರೀಕ್ಷಾ ಇದ್ರ ಐದು ತಿಂಗಳಾಗ ಮುಗಿಸಾಕ ನೋಡಬೇಕು ಅಂತ ಕಾಯ್ದೆದಾಗ ಐತಿ, ನಡಿಯೋದು ಅದಕ್ಕಿಂತ ನಿಧಾನ. ಕೇಸಿಗೆ ಮೊದಲು ಬರೇ ಕೇಳಬೇಕಂದ್ರ 1915ಕ್ಕ ಫೋನ್ ಹಚ್ರಿ, ಕನ್ನಡದಾಗ ಮಾತಾಡ್ತಾರ.

ಇನ್ನೊಂದು. ಹೊಸಾ ಲಾರಿನೇ ಕೊಡ್ರಿ ಅಂತ ನಾವು ಕೇಳಿಲ್ಲ. ಓಣ್ಯಾಗ ಅದಕ್ಕೂ ನಗ್ಯಾರ, ಕೇಳಾಕ ಏನ್ ಕಡಿಮಿ ಅಂತ. 2006ರಾಗ ಒಂದು ಮಾರುತಿ ಕಾರಿನ ಕೇಸಿನಾಗ ಸುಪ್ರೀಂ ಕೋರ್ಟು, ವಾರಂಟ್ಯಾಗ ಕೆಟ್ಟ ಭಾಗ ಬದಲಿ ಮಾಡ್ತೀವಿ ಅಂತ ಇದ್ರ ಆ ಭಾಗನೇ ಕೇಳ್ಬೇಕು, ಇಡೀ ಗಾಡಿ ಅಲ್ಲ ಅಂತ ಹೇಳೈತಿ. ನಾವು ಕೇಳಿದ್ದು ಕಟ್ಟಿದ 2 ಲಕ್ಷ 70 ಸಾವಿರ, 83 ದಿನದ ನುಕಸಾನು, ಉಳ್ಳಾಗಡ್ಡಿ ಬ್ಯಾರೆ ಲಾರಿಗೆ ಹಾಕಿದ ಬಾಡಿಗಿ. ಅದಕ್ಕೆಲ್ಲ ಕಾಗದ ಐತಿ.

ಕೇಸು ನಡದೈತಿ. ಗೆದ್ರ ಬರೀತೀನಿ, ಸೋತ್ರೂ ಬರೀತೀನಿ. ಬಿಲ್ವಾರ, ಬೋರಮಾಳ ಸೊಸೈಟ್ಯಾಗೇ ಅದಾವ. ಮಂಡಕ್ಕಿ ಡಬ್ಬಿಗೆ ಈಗ ಜೊತಿಗೊಂದು ಫೈಲ್ ಬಂದೈತಿ, ತಿಂಗಳಿಗೊಮ್ಮೆ ಮೈದುನ ಕಿಲೋಮೀಟರ್ ಮೀಟರಿನ ಫೋಟೋ ಹೊಡದು ವಾಟ್ಸಾಪಿಗೆ ಹಾಕ್ತಾನ, ನೆಗೆಣ್ಣಿ ಮಗಳು ತಾರೀಖು ಬರದು ಇಡ್ತಾಳ. ನಮ್ಮ ಬಾಜೂಮನಿ ಅಕ್ಕನ ಮಗನಿಗೆ ಬರೋ ಗುರುವಾರ ಹೊಸ ಲಾರಿ ಬರಾಕ ಹತ್ತೈತಿ. ಪೂಜಿ ಆದ ಮ್ಯಾಲ ಆ ಪುಸ್ತಕ ಡ್ರೈವರ್ ಸೀಟಿನ ಮುಂದ ಬಿಡಬ್ಯಾಡ, ಶುಕ್ರವಾರ ಮಧ್ಯಾಹ್ನ ರೊಟ್ಟಿ ಬಡದಾದ ಮ್ಯಾಲ ಇತ್ತಾಗ ತಗೊಂಡು ಬಾ ಅಂದೀನಿ. ಇಂಗ್ಲೀಷು ಓದಾಕ ಹುಡುಗಿ ಅದಾಳ, ಕೇಳಾಕ ನಾವು ನಾಲ್ಕು ಮಂದಿ ಅದೀವಿ. ನಿಮ್ಮ ಮನ್ಯಾಗೂ ಹಂಥಾ ಪುಸ್ತಕ ಇದ್ರ ತರ್ರಿ.